ನಿಂಬೆಹಣ್ಣು ತುಳಿದ ವಿಮಾನ

“ಬುದ್ಧಿ, ಲೋಕದಲ್ಲಿ ಒಂದೇ ಒಂದು ಉಳಿದಿರುವ ವಸ್ತುವನ್ನು ಬಳಸುವುದು ಸರಿಯೋ, ಬಳಸದೆ ಕಾಪಾಡುವುದು ಸರಿಯೋ?” ಎಂದು ಶಿಷ್ಯ ಕೇಳಿದ.

ಗುರುಗಳು ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. ಅವರಿಗೆ ಎಂಬತ್ತು ದಾಟಿತ್ತು. ಹಿಂದಿನ ತಿಂಗಳು ಒಂದು ಊರಿನಲ್ಲಿ ಟ್ರ್ಯಾಕ್ಟರಿನಿಂದ ಇಳಿಯುವಾಗ ಬಿದ್ದು ಸೊಂಟ ಉಳುಕಿಸಿಕೊಂಡಿದ್ದರು. ಓಡಾಟ ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ್ದರು. ಡಾಕ್ಟರು ಹೇಳಿದ್ದು ಕಡಿಮೆ ಮಾಡಿ ಎಂದು; ಶಿಷ್ಯನ ಕಿವಿಗೆ ಬಿದ್ದದ್ದು ಬೇಡವೇ ಬೇಡ ಎಂದು. ಅಂದಿನಿಂದ ಗುರುಗಳು ಮಠದ ಹೊಸಿಲು ದಾಟಿರಲಿಲ್ಲ. ಹೊತ್ತುಹೊತ್ತಿಗೆ ಗಂಜಿ, ನಡುನಡುವೆ ಸೊಂಟಕ್ಕೆ ಬಿಸಿನೀರಿನ ಚೀಲ. ಭಕ್ತರು ಬಂದರೆ ಬಾಗಿಲಾಚೆಯಿಂದಲೇ ಕೈಮುಗಿದು ಹೋಗಬೇಕು ಎಂಬ ಹೊಸ ಪದ್ಧತಿಯೂ ಶುರುವಾಗಿತ್ತು.

ಶಿಷ್ಯನ ಹೆಸರು ಶಂಭುಲಿಂಗ. ಚಿಕ್ಕಂದಿನಲ್ಲೇ ಹೆತ್ತವರನ್ನು ಕಳೆದುಕೊಂಡು ಮಠಕ್ಕೆ ಬಂದವನು. ಅವನಿಗೆ ತನ್ನವರು ಎಂದು ಇದ್ದವರು ಗುರುಗಳೊಬ್ಬರೇ. ಅವರು ಬಿದ್ದ ಸುದ್ದಿ ಬಂದ ದಿನ ಅವನು ಹೆದರಿಹೋಗಿದ್ದ. ಆ ಹೆದರಿಕೆ ಇನ್ನೂ ಇಳಿದಿರಲಿಲ್ಲ.

ಅಂದು ಬೆಳಿಗ್ಗೆ ಮೂಡಲಕೊಪ್ಪಲಿನವರು ಜೀಪು ತಂದಿದ್ದರು. ಕೆರೆಯ ತೂಬಿನ ವಿಷಯಕ್ಕೆ ಆ ಊರಿನ ಮೇಲಿನ ಕೇರಿಗೂ ಕೆಳಗಿನ ಕೇರಿಗೂ ಮಾತು ನಿಂತುಹೋಗಿತ್ತು. ಬುದ್ಧಿಯವರು ಬಂದು ನಡುವೆ ಕುಳಿತರೆ ಮಾತಾಡುತ್ತೇವೆ, ಬರದಿದ್ದರೆ ದೊಣ್ಣೆ ಎತ್ತುತ್ತೇವೆ ಎಂದು ಎರಡು ಕೇರಿಯವರೂ ಹೇಳಿದ್ದರು. ಅವರು ಒಪ್ಪಿದ್ದು ಅದೊಂದೇ ಮಾತಿಗೆ. ಬುದ್ಧಿಯವರಿಗೆ ಹುಷಾರಿಲ್ಲ ಎಂದು ಹೇಳಿ ಶಂಭುಲಿಂಗ ಜೀಪಿನವರನ್ನು ಬೇವಿನ ಮರದಡಿ ಕೂರಿಸಿ ಬಂದಿದ್ದ. ಜೀಪಿನ ಸದ್ದು ಒಳಗೆ ಕೇಳಿರಲಾರದು ಎಂದುಕೊಂಡಿದ್ದ.

“ಯಾವ ವಸ್ತು?” ಎಂದರು ಗುರುಗಳು.

“ಯಾವುದೂ ಇಲ್ಲ ಬುದ್ಧಿ. ಸುಮ್ಮನೆ ತತ್ವಕ್ಕೆ ಕೇಳಿದೆ.”

“ನೀನು ಯಾವತ್ತು ತತ್ವ ಕೇಳಿದ್ದೀಯ ಮರಿ? ನಿನ್ನ ಬಾಯಲ್ಲಿ ಪುಸ್ತಕದ ಕನ್ನಡ ಬಂತು ಅಂದ್ರೆ ಏನೋ ಮುಚ್ಚಿಟ್ಟಿದ್ದೀಯ ಅಂತ ಅರ್ಥ. ಇರಲಿ, ಕೂತ್ಕೊ. ಒಂದು ಕತೆ ಹೇಳ್ತೀನಿ. ನಡುವೆ ಎದ್ದು ನೀರು ಕಾಯಿಸೋಕೆ ಹೋಗಬೇಡ.”

ಶಂಭುಲಿಂಗ ಕುಳಿತ. ಗುರುಗಳು ಹೇಳತೊಡಗಿದರು.

ಒಬ್ಬ ದೊರೆಯಿದ್ದ. ಹೆಸರು ಬೇಡ; ಹೆಸರು ಹೇಳಿದರೆ ಅವನ ಮೊಮ್ಮಕ್ಕಳು ಬಂದು ಮಠದ ಮುಂದೆ ಕೂರುತ್ತಾರೆ. ಅವನ ಸಂಸ್ಥಾನ ಸರ್ಕಾರಕ್ಕೆ ಸೇರಿಹೋಗಿತ್ತು. ಅರಮನೆ, ಒಂದಷ್ಟು ಕಬ್ಬಿನ ಗದ್ದೆ ಮತ್ತು ಮೀಸೆ ಉಳಿದಿದ್ದವು. ಜೊತೆಗೆ ಒಂದು ಯುದ್ಧವಿಮಾನವಿತ್ತು.

“ದೊರೆ ಹತ್ತಿರ ಯುದ್ಧವಿಮಾನ ಹೆಂಗೆ ಬಂತು ಬುದ್ಧಿ?”

“ಆನೆ ಕೊಟ್ಟು ತಗೊಂಡ.”

ಬರ್ಮಾದ ಕಡೆ ದೊಡ್ಡ ಯುದ್ಧ ನಡೆದಾಗ ದೊರೆಯ ತಂದೆ ಬ್ರಿಟಿಷರ ದಂಡಿಗೆ ಮರ ಎಳೆಯಲು ತನ್ನ ಆನೆಗಳನ್ನು ಕಳಿಸಿದ್ದ. ಯುದ್ಧ ಮುಗಿಯಿತು. ಆನೆಗಳು ತಿರುಗಿ ಬರಲಿಲ್ಲ. ಎಲ್ಲಿ ಹೋದವು ಎಂದು ಕೇಳಿ ಕೇಳಿ ದೊಡ್ಡ ದೊರೆ ದಂಡಿನವರ ತಲೆ ತಿಂದ. ಕಡೆಗೆ ಅವರು ಬೇಸತ್ತು, ತಮಗೆ ಬೇಡವಾಗಿದ್ದ ಎರಡು ಸೀಟಿನ ಹಳೆಯ ವಿಮಾನವೊಂದನ್ನು ಕಳಿಸಿಕೊಟ್ಟರು. ಅದನ್ನು ಎಲ್ಲಿಡಬೇಕೆಂದು ಅರಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಆನೆಲಾಯ ಹೇಗೂ ಖಾಲಿಯಿತ್ತು. ರೆಕ್ಕೆಗಳು ಹಿಡಿಸಲಿಲ್ಲವೆಂದು ಒಂದು ಕಡೆಯ ಗೋಡೆ ಒಡೆದು ಒಳಕ್ಕೆ ತಳ್ಳಿದರು. ಮಾವುತ ಕೆಲಸ ಬಿಟ್ಟು ಹೋದ.

ಅರಮನೆಯ ಹಳೆಯ ಸಾಮಾನುಗಳನ್ನು ನೋಡಿಕೊಳ್ಳಲು ಒಬ್ಬ ಉಗ್ರಾಣಿಯಿದ್ದ. ಕತ್ತಿ, ಗುರಾಣಿ, ಪಲ್ಲಕ್ಕಿ, ಹುಳು ಹಿಡಿದ ಹುಲಿಚರ್ಮ ಎಲ್ಲವೂ ಅವನ ವಶದಲ್ಲಿದ್ದವು. ವಿಮಾನ ಬಂದ ಮೇಲೆ ಅವನು ಮಿಕ್ಕವನ್ನೆಲ್ಲ ಮರೆತ. ಹುಲಿಯನ್ನು ಹುಳುಗಳಿಗೆ ಬಿಟ್ಟುಕೊಟ್ಟು ವಿಮಾನದ ಸೇವೆಗೆ ನಿಂತ.

ಸೇವೆಯೆಂದರೆ ಸಾಮಾನ್ಯ ಸೇವೆಯಲ್ಲ. ಬೆಳಿಗ್ಗೆ ಸ್ನಾನ ಮಾಡಿ ಮಡಿಬಟ್ಟೆಯಲ್ಲಿ ಅದರ ಮೈ ಒರೆಸುವನು. ರಬ್ಬರು ಕಂಡಲ್ಲೆಲ್ಲ ಮಿರಮಿರ ಮಿಂಚಲಿ ಎಂದು ಕೊಬ್ಬರಿ ಎಣ್ಣೆ ಹಚ್ಚುವನು. ಬಳಸದೆ ಬಿಟ್ಟರೆ ಎಂಜಿನ್ ಒಳಗೇ ಕಚ್ಚಿಕೊಳ್ಳುತ್ತದೆ ಎಂದು ಯಾರೋ ಹೇಳಿದ್ದರಿಂದ ಸೋಮವಾರ ಸೋಮವಾರ ಮೂತಿಯ ಫ್ಯಾನನ್ನು ಕೈಯಿಂದ ತಿರುಗಿಸುವನು. ನೋಡಲು ಬಂದವರು ಅದರ ಮುಂದೆ ಸೀನುವಂತಿರಲಿಲ್ಲ. ವಿಮಾನವನ್ನು ಅವನು ‘ಅದು’ ಎಂದು ಕರೆಯುತ್ತಿರಲಿಲ್ಲ. “ಅವರಿಗೆ ಧೂಳು ಆಗೋದಿಲ್ಲ, ಸ್ವಲ್ಪ ದೂರ ನಿಂತ್ಕೊಳ್ಳಿ” ಎನ್ನುತ್ತಿದ್ದ. ಮದುವೆಯಾದ ಹೊಸದರಲ್ಲಿ ಅವನ ಹೆಂಡತಿ ಈ ‘ಅವರು’ ಯಾರೆಂದು ತಿಳಿಯದೆ ತವರಿಗೆ ಹೋಗಿ ಕುಳಿತಿದ್ದಳಂತೆ.

ಹೀಗಿರುವಾಗ ದೂರದೂರಿನಿಂದ ವಿಮಾನಗಳ ಪಂಡಿತರು ಬಂದರು. ಸುತ್ತಲೂ ತಿರುಗಿ, ಕೆಳಗೆ ತೂರಿ, ಮೇಲೆ ಹತ್ತಿ ನೋಡಿದರು. ಈ ಜಾತಿಯ ವಿಮಾನ ಜಗತ್ತಿನಲ್ಲಿ ಇನ್ನೆಲ್ಲೂ ಉಳಿದಿಲ್ಲ, ಇದೊಂದೇ ಇರುವುದು ಎಂದು ಹೇಳಿ, ಬಾಳೆಎಲೆಯಲ್ಲಿ ಊಟ ಮಾಡಿ ಹೋದರು. ಅವರು ಹೇಳಿ ಹೋದರು, ಸಂಕಟ ಉಗ್ರಾಣಿಗೆ ಹತ್ತಿಕೊಂಡಿತು. ಗುಡುಗಿದರೆ ಎದ್ದು ಕೂರುವನು. ಇಲಿ ಓಡಿದರೆ ದೊಣ್ಣೆ ಹಿಡಿಯುವನು. ಕಡೆಗೆ ಹಾಸಿಗೆಯನ್ನೇ ಆನೆಲಾಯಕ್ಕೆ ತಂದುಕೊಂಡ. ಅವನ ಹೆಂಡತಿಗೂ ಆ ವೇಳೆಗೆ ಅಭ್ಯಾಸವಾಗಿತ್ತು.

ಅದೇ ಊರಿನಲ್ಲಿ ಒಬ್ಬ ಮುದುಕ ಪೈಲಟ್ ಇದ್ದ. ಹುಡುಗನಾಗಿದ್ದಾಗ ಆ ಯುದ್ಧದಲ್ಲಿ ಇಂಥದೇ ವಿಮಾನ ಹಾರಿಸಿದವನು. ಜೊತೆಯಲ್ಲಿ ಹಾರಿದವರು ಯಾರೂ ಈಗ ಉಳಿದಿರಲಿಲ್ಲ. ಅವನು ದಿನಾ ಸಂಜೆ ಆನೆಲಾಯಕ್ಕೆ ಬಂದು ವಿಮಾನದ ಹೊಟ್ಟೆಗೆ ಪಟಾರನೆ ಒಂದು ಏಟು ಕೊಟ್ಟು, “ಏನೋ, ಇನ್ನೂ ಬದುಕಿದ್ದೀಯೇನೋ?” ಎಂದು ಕೇಳುವನು. ಉಗ್ರಾಣಿ ಓಡಿಬಂದು ಏಟು ಬಿದ್ದ ಜಾಗವನ್ನು ಮಡಿಬಟ್ಟೆಯಲ್ಲಿ ಮತ್ತೆ ಒರೆಸುವನು.

ಪೈಲಟ್‌ಗೆ ಇದ್ದದ್ದು ಒಂದೇ ಆಸೆ. ಸಾಯುವ ಮೊದಲು ಅದನ್ನು ಒಂದು ಸಲ ಮೇಲಕ್ಕೆ ಒಯ್ಯಬೇಕು. ಉಗ್ರಾಣಿಗೆ ಇದ್ದದ್ದೂ ಒಂದೇ ಆಸೆ. ತಾನು ಸತ್ತ ಮೇಲೂ ಅದು ಹೀಗೇ ಇರಬೇಕು.

“ಹಾರದೇ ಇರೋ ವಿಮಾನ ಬರೀ ತಗಡು ಕಣಯ್ಯ” ಎನ್ನುವನು ಪೈಲಟ್.

“ಬಿದ್ದ ವಿಮಾನನೂ ತಗಡೇ ಸ್ವಾಮಿ. ಆದ್ರೆ ಅದನ್ನ ಗೋಣಿಚೀಲಕ್ಕೆ ತುಂಬ್ಕೊಂಡು ಬರಬೇಕಾಗುತ್ತೆ” ಎನ್ನುವನು ಉಗ್ರಾಣಿ.

ಇಬ್ಬರೂ ದೊರೆಯ ಬಳಿ ಹೋಗುವರು. ದೊರೆ ಒಳ್ಳೆಯವನು. ಅವನ ಕಷ್ಟವೆಂದರೆ ಕೊನೆಗೆ ಮಾತಾಡಿದವನ ಮಾತು ಅವನಿಗೆ ಸರಿಯೆನಿಸುತ್ತಿತ್ತು. ಬೆಳಿಗ್ಗೆ ಉಗ್ರಾಣಿ ಹೋದರೆ, ಬೀಗ ಹಾಕಿಸು ಎನ್ನುವನು. ಸಂಜೆ ಪೈಲಟ್ ಹೋದರೆ, ಹಾರಿಸಿಬಿಡು ಎನ್ನುವನು. ಮರುದಿನ ಉಗ್ರಾಣಿ ಇನ್ನೂ ಬೇಗ ಎದ್ದು ಹೋಗುವನು. ಹೀಗೆ ವರ್ಷಗಳು ಕಳೆದವು. ವಿಮಾನ ಕದಲಲಿಲ್ಲ. ಕದಲಿಸದಿರುವುದಕ್ಕೆ ಏನನ್ನೂ ಮಾಡಬೇಕಾಗಿಲ್ಲವಾದ್ದರಿಂದ ಉಗ್ರಾಣಿಯೇ ಗೆದ್ದಂತೆ ಕಾಣುತ್ತಿತ್ತು.

ಅರಮನೆಯಲ್ಲಿ ವರ್ಷವರ್ಷವೂ ಆಯುಧಪೂಜೆ ನಡೆಯುತ್ತಿತ್ತು. ಕತ್ತಿಗಳಿಗೆ ಕುಂಕುಮ, ದೊರೆಯ ಕಾರಿಗೆ, ಟ್ರ್ಯಾಕ್ಟರಿಗೆ ಚೆಂಡುಹೂವಿನ ಹಾರ. ವಿಮಾನಕ್ಕೂ ಹಾರ. ಗಾಡಿಗಳ ಚಕ್ರದಡಿ ನಿಂಬೆಹಣ್ಣು ಇಡುವುದು, ಗಾಡಿ ಒಂದು ಸುತ್ತು ಮುಂದಕ್ಕೆ ಉರುಳಿ ಅದನ್ನು ಅಪ್ಪಚ್ಚಿ ಮಾಡುವುದು ಎಲ್ಲ ಕಡೆಯ ಪದ್ಧತಿ. ಕಾರು ಉರುಳುತ್ತಿತ್ತು, ಟ್ರ್ಯಾಕ್ಟರು ಉರುಳುತ್ತಿತ್ತು. ವಿಮಾನದ ಸರದಿ ಬಂದಾಗ ಉಗ್ರಾಣಿ ಚಕ್ರದಡಿಯಿಂದ ನಿಂಬೆಹಣ್ಣನ್ನು ಮೆಲ್ಲಗೆ ಈಚೆ ತೆಗೆದು, “ಅವರ ಪರವಾಗಿ” ಎಂದು ಹೇಳಿ ತಾನೇ ಕಾಲಿನಿಂದ ತುಳಿದುಬಿಡುತ್ತಿದ್ದ. ಯಾರೂ ತಪ್ಪು ಹಿಡಿದಿರಲಿಲ್ಲ.

ಒಂದು ವರ್ಷ ದೊರೆಗೆ ಯಾವುದೂ ಸರಿಹೋಗಲಿಲ್ಲ. ಬೋರ್‌ವೆಲ್ ಬತ್ತಿತು. ಮಗಳ ಮದುವೆ ಮಾತುಕತೆ ಮುರಿಯಿತು. ಕುರ್ಚಿಯ ಕಾಲು ಮುರಿದು ಎಲ್ಲರೆದುರು ದೊರೆ ಅಂಗಾತ ಬಿದ್ದ. ಅವನು ಜೋಯಿಸರನ್ನು ಕರೆಸಿ ಇದೆಲ್ಲ ಯಾಕೆ ಹೀಗೆ ಎಂದು ಕೇಳಿದ. ಅಂದು ಸಂಜೆ ಪೈಲಟ್ ಕೂಡ ಅಲ್ಲಿಯೇ ಇದ್ದ. ಅವನು ಜೋಯಿಸರನ್ನು ಬಹಳ ವಿನಯದಿಂದ ಒಂದು ಮಾತು ಕೇಳಿದ: ನಿಂಬೆಹಣ್ಣನ್ನು ಗಾಡಿಯ ಚಕ್ರದ ಬದಲು ಮನುಷ್ಯನ ಕಾಲು ತುಳಿದರೆ ಪೂಜೆ ಸಲ್ಲುತ್ತದೆಯೇ?

ಜೋಯಿಸರು ಕಣ್ಣು ಮುಚ್ಚಿ ಯೋಚಿಸಿದರು. “ಸಲ್ಲುತ್ತೆ. ಆದ್ರೆ ಯಾವುದು ತುಳಿಯುತ್ತೋ ಅದರ ದೃಷ್ಟಿ ಹೋಗುತ್ತೆ. ಇಷ್ಟು ವರ್ಷ ಹೋಗಿರೋದು ಉಗ್ರಾಣಿಯ ಕಾಲಿನ ದೃಷ್ಟಿ” ಎಂದರು.

ಎಲ್ಲರೂ ಉಗ್ರಾಣಿಯ ಕಾಲು ನೋಡಿದರು. ಆ ವಯಸ್ಸಿಗೆ ಅದು ನಿಜಕ್ಕೂ ಗಟ್ಟಿಮುಟ್ಟಾಗಿತ್ತು.

ದೊರೆ ಅಪ್ಪಣೆ ಮಾಡಿದ. ಈ ಆಯುಧಪೂಜೆಗೆ ವಿಮಾನ ತಾನೇ ನಿಂಬೆಹಣ್ಣು ತುಳಿಯಬೇಕು. ಉಗ್ರಾಣಿ, ಆಳುಗಳನ್ನು ಹಚ್ಚಿ ತಳ್ಳಿಸುತ್ತೇನೆ ಎಂದ. ತಳ್ಳಿದರೆ ಅದು ಕೈಗಾಡಿ ಎಂದ ಪೈಲಟ್. ಎಂಜಿನ್ ಚಾಲೂ ಆಗಿ ಉರುಳಿದರೆ ಮಾತ್ರ ವಿಮಾನ. ಜೋಯಿಸರು ಹೌದೆಂದರು. ಉಗ್ರಾಣಿ ಅತ್ತ. ಕೊನೆಗೆ ಒಂದು ಷರತ್ತು ಹಾಕಿದ: ಉರುಳುವುದು ಒಂದೇ ಸುತ್ತು. ಆ ಹೊತ್ತಿನಲ್ಲಿ ತಾನು ಹಿಂದಿನ ಸೀಟಿನಲ್ಲಿ ಕೂತಿರಬೇಕು. ತಾನು ಒಳಗಿದ್ದರೆ ಪೈಲಟ್ ಚೇಷ್ಟೆ ಮಾಡಲಾರ ಎಂಬುದು ಅವನ ಲೆಕ್ಕ.

ಪೈಲಟ್ ಎಂಜಿನ್ನಿಗೆ ಕೈಹಾಕಿದ. ಬಿಚ್ಚಿ ನೋಡಿ ಬೆರಗಾದ. ಒಳಗೆ ಎಲ್ಲವೂ ನಿನ್ನೆ ನಿಲ್ಲಿಸಿದಂತೆ ಇತ್ತು. “ನೀನು ವಾರವಾರ ತಿರುಗಿಸದೇ ಇದ್ದಿದ್ರೆ ಇದು ಯಾವತ್ತೋ ಸತ್ತುಹೋಗ್ತಿತ್ತು” ಎಂದು ಉಗ್ರಾಣಿಗೆ ಹೇಳಿದ. ಅವನು ಉಗ್ರಾಣಿಯನ್ನು ಹೊಗಳಿದ್ದು ಅದೇ ಮೊದಲು. ಆದರೆ ಉಗ್ರಾಣಿಗೆ ಅದು ಬೈಗುಳದಂತೆ ಕೇಳಿಸಿತು. ತನ್ನ ಕೈಯಾರೆ ತಾನೇ ಕೇಡು ಮಾಡಿಕೊಂಡೆನಲ್ಲಾ ಎಂದು ಹಣೆ ಚಚ್ಚಿಕೊಂಡ.

ಪೂಜೆಯ ದಿನ ಪೈಲಟ್ ಎತ್ತಿನ ಗಾಡಿಯಲ್ಲಿ ಪೆಟ್ರೋಲಿನ ಡಬ್ಬಗಳನ್ನು ತರಿಸಿದ.

“ಒಂದು ನಿಂಬೆಹಣ್ಣಿಗೆ ಇಷ್ಟು ಪೆಟ್ರೋಲಾ?” ಎಂದು ದೊರೆ ಕೇಳಿದ.

“ಹಳೇ ಎಂಜಿನ್ನು ಮಹಾಸ್ವಾಮಿ. ಕುಡಿತ ಜಾಸ್ತಿ.”

ಅವನ ಮನಸ್ಸಿನಲ್ಲಿ ಏನಿತ್ತೋ ಅವನೇ ಬಲ್ಲ. ನನ್ನನ್ನು ಕೇಳಿದರೆ, ಅವನಿಗೂ ಪೂರ್ತಿ ಗೊತ್ತಿರಲಿಲ್ಲ.

ಈಗ ಆನೆಲಾಯದ ಮುಂದಿನ ದಾರಿಯ ವಿಷಯ ಹೇಳಬೇಕು. ಅದು ಆನೆಗಳನ್ನು ಕೆರೆಗೆ ಸ್ನಾನಕ್ಕೆ ಹೊಡೆದುಕೊಂಡು ಹೋಗಲು ಮಾಡಿದ ದಾರಿ. ಅಗಲವಾಗಿ, ನೆಟ್ಟಗೆ, ಕೆರೆಯ ಕಡೆಗೆ ಇಳಿಜಾರಾಗಿತ್ತು. ಆ ವರ್ಷ ಬೋರ್‌ವೆಲ್ ಬತ್ತಿದ್ದರೂ ಹಿಂದಿನ ವಾರದ ಒಂದೇ ಮಳೆಗೆ ಕೆರೆ ತುಂಬಿತ್ತು. ವಿಮಾನವನ್ನು ಲಾಯದಿಂದ ಹೊರಗೆ ತಂದು ಆ ದಾರಿಯ ತಲೆಯಲ್ಲಿ ನಿಲ್ಲಿಸಿದರು. ಚಕ್ರದಡಿ ನಿಂಬೆಹಣ್ಣು ಇಟ್ಟರು. ಜೋಯಿಸರು ಬೂದುಗುಂಬಳ ಹಿಡಿದು ಪಕ್ಕದಲ್ಲಿ ನಿಂತರು. ಉಗ್ರಾಣಿ ಮಡಿಬಟ್ಟೆ ಹಿಡಿದೇ ಹಿಂದಿನ ಸೀಟಿಗೆ ಹತ್ತಿದ. ಇಷ್ಟು ವರ್ಷ ಆ ಸೀಟನ್ನು ಒರೆಸಿದ್ದನೇ ಹೊರತು ಒಂದು ದಿನವೂ ಅದರಲ್ಲಿ ಕುಳಿತವನಲ್ಲ.

ಎಂಜಿನ್ ಕೆಮ್ಮಿತು, ಹೊಗೆ ಉಗುಳಿತು, ಆಮೇಲೆ ಗರ್ಜಿಸಿತು. ಊರಿನ ನಾಯಿಗಳೆಲ್ಲ ಊರು ಬಿಟ್ಟವು. ಚಕ್ರ ಉರುಳಿ ನಿಂಬೆಹಣ್ಣು ಅಪ್ಪಚ್ಚಿಯಾಯಿತು. ಜನ ಚಪ್ಪಾಳೆ ತಟ್ಟಿದರು. ಪೈಲಟ್ ಬ್ರೇಕು ಒತ್ತಿದ.

ಬ್ರೇಕು ಹಿಡಿಯಲಿಲ್ಲ.

ಬ್ರೇಕಿನ ಪೈಪುಗಳು ರಬ್ಬರಿನವು. ಉಗ್ರಾಣಿ ವರ್ಷಗಟ್ಟಲೆ ಕೊಬ್ಬರಿ ಎಣ್ಣೆ ಹಚ್ಚಿ ಹಚ್ಚಿ ಅವು ಮೇಲೆ ಮಿಂಚುತ್ತಿದ್ದವು, ಒಳಗೆ ಮೆತ್ತಗಾಗಿ ಕೊಳೆತಿದ್ದವು. ಪೈಲಟ್ ಎಂಜಿನ್ನನ್ನು ಮಾತ್ರ ನೋಡಿದ್ದ. ಬ್ರೇಕನ್ನು ನೋಡಿರಲಿಲ್ಲ, ನಿಲ್ಲಿಸುವ ಯೋಚನೆ ಅವನಿಗೆ ಎಂದೂ ಬಂದಿರಲಿಲ್ಲ. ವಿಮಾನ ಇಳಿಜಾರಿನಲ್ಲಿ ಉರುಳುತ್ತ ಹೋಯಿತು. ಜೋಯಿಸರು ಬೂದುಗುಂಬಳ ಅಲ್ಲೇ ಬಿಟ್ಟು ಓಡಿದರು. ಅದು ತಾನೇ ಬಿದ್ದು ಒಡೆದು ಪೂಜೆ ಮುಗಿಸಿತು.

ಎದುರಿಗೆ ಕೆರೆ. ಎಂಜಿನ್ ನಿಲ್ಲಿಸಿದರೂ ಇಳಿಜಾರು ನಿಲ್ಲಿಸುವುದಿಲ್ಲ. ಮುಳುಗಬೇಕು, ಇಲ್ಲವೇ ಹಾರಬೇಕು. ಉಗ್ರಾಣಿ ಹಿಂದಿನಿಂದ ಪೈಲಟ್‌ನ ಭುಜ ಹಿಡಿದು, “ಒಂದು ಸುತ್ತು ಅಂದಿದ್ರಿ, ಒಂದು ಸುತ್ತು ಅಂದಿದ್ರಿ” ಎಂದು ಕೂಗುತ್ತಿದ್ದ. ಪೈಲಟ್ ಸರ್ರನೆ ಎಂಜಿನ್ನಿನ ವೇಗ ಪೂರ್ತಿ ಏರಿಸಿ ಎದುರಿನ ಹಿಡಿಕೋಲನ್ನು ಎದೆಗೆ ಎಳೆದುಕೊಂಡ. ಕೆರೆಯ ನೀರಿಗೆ ಚಕ್ರ ತಾಗಿತೋ ಇಲ್ಲವೋ, ವಿಮಾನ ಎದ್ದಿತು.

ದೊರೆ ಕೆಳಗೆ ನಿಂತು ಬಾಯಿ ತೆರೆದು ನೋಡಿದ. ಮೇಲೆ ನಡೆದದ್ದನ್ನು ಆಮೇಲೆ ಇಬ್ಬರೂ ಬೇರೆ ಬೇರೆಯಾಗಿ ಹೇಳಿದರು. ನಾನು ಒಟ್ಟಿಗೆ ಹೇಳುತ್ತೇನೆ.

ಉಗ್ರಾಣಿ ಮೊದಲು ಕಣ್ಣು ಮುಚ್ಚಿಕೊಂಡು ಎಲ್ಲ ದೇವರನ್ನೂ ಕರೆದ. ನೆನಪಿದ್ದ ದೇವರೆಲ್ಲ ಮುಗಿದ ಮೇಲೆ ಪೈಲಟ್‌ನನ್ನು ಬೈದ. ಬೈಗುಳವೂ ಮುಗಿದಾಗ ಬೇರೆ ಕೆಲಸವಿಲ್ಲದೆ ಕಣ್ಣು ಬಿಟ್ಟ. ಎದುರಿಗೆ ಗಾಜಿನ ಹಿಂದೆ ಮೀಟರಿನ ಮುಳ್ಳುಗಳಿದ್ದವು. ದಿನಾ ಬೆಳಿಗ್ಗೆ ಒರೆಸುತ್ತಿದ್ದ ಗಾಜು, ದಿನಾ ನೋಡುತ್ತಿದ್ದ ಮುಳ್ಳುಗಳು. ಅವು ಆಡುವ ಮುಳ್ಳುಗಳೆಂದು ಅವನಿಗೆ ಗೊತ್ತಿರಲಿಲ್ಲ; ಗಾಜಿನ ಒಳಗೆ ಬರೆದ ಗೆರೆಗಳು ಎಂದುಕೊಂಡಿದ್ದ. ಈಗ ಒಂದೊಂದೂ ಎದ್ದು ನಡುಗುತ್ತ ತಿರುಗುತ್ತಿತ್ತು. ಅಭ್ಯಾಸಬಲದಿಂದ ಅವನು ಮಡಿಬಟ್ಟೆ ತೆಗೆದು ರೆಕ್ಕೆಯ ಕಡೆ ನೋಡಿದ. ಅಲ್ಲಿ ಒಂದು ಚೂರೂ ಧೂಳಿರಲಿಲ್ಲ. ಗಾಳಿಯೇ ಒರೆಸಿಬಿಟ್ಟಿತ್ತು. ಉಗ್ರಾಣಿ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡು ಅತ್ತ. ಅದು ಸಂತೋಷದ ಅಳು. ಮಗುವನ್ನು ತೊಟ್ಟಿಲಲ್ಲೇ ನೋಡಿದ್ದವನು ಅದು ಅಂಗಳದಲ್ಲಿ ಓಡುವುದನ್ನು ಕಂಡಂತೆ ಆಗಿತ್ತು ಅವನಿಗೆ.

ಮುಂದಿನ ಸೀಟಿನಲ್ಲಿ ಪೈಲಟ್‌ನ ಸ್ಥಿತಿ ಬೇರೆ. ಮೊದಲಿಗೆ ಅವನು ಹುಡುಗನಂತೆ ನಕ್ಕ. ತಿರುಗಿಸಲು ಹಿಡಿಕೋಲು ಓರೆ ಮಾಡಿದ ಕೂಡಲೇ ಎಡಗಡೆಯ ರೆಕ್ಕೆಯೊಳಗೆ ಎಲ್ಲೋ ‘ಕಿರ್’ ಎಂದಿತು. ನಗು ನಿಂತಿತು. ಯುದ್ಧದಲ್ಲಿ ಇಂಥ ಸದ್ದು ಕೇಳಿದರೆ ಅವನು ಲೆಕ್ಕಿಸುತ್ತಿರಲಿಲ್ಲ. ಆಗ ಒಂದು ವಿಮಾನ ಮುರಿದರೆ ಬೆಳಿಗ್ಗೆ ಇನ್ನೊಂದು ನಿಲ್ಲಿಸಿರುತ್ತಿದ್ದರು. ಈಗ ಅವನ ಕೈಯಲ್ಲಿದ್ದದ್ದು ಕೊನೆಯದು. ಜೊತೆಯವರು ಹಾರಿಸಿದ ಎಲ್ಲ ವಿಮಾನಗಳ ಪೈಕಿ, ಜೊತೆಯವರ ಪೈಕಿಯೂ, ಉಳಿದದ್ದು ಅಷ್ಟೇ. ಶತ್ರುಗಳು ಗುಂಡು ಹಾರಿಸುವಾಗಲೂ ಅವನು ಯಾರನ್ನೂ ಬೇಡಿಕೊಂಡವನಲ್ಲ. “ಸ್ವಲ್ಪ ತಡ್ಕೊಳ್ಳಪ್ಪ, ಇಳಿಸಿಬಿಡ್ತೀನಿ, ಸ್ವಲ್ಪ ತಡ್ಕೊ” ಎಂದು ವಿಮಾನವನ್ನು ಬೇಡಿಕೊಳ್ಳುತ್ತ ಅದನ್ನು ಮೆಲ್ಲಗೆ ತಿರುಗಿಸಿದ.

ಬ್ರೇಕಿಲ್ಲದ್ದರಿಂದ ಅವನು ಕೆರೆಯ ಕಡೆಯಿಂದ ಬಂದು ಅದೇ ಆನೆದಾರಿಯಲ್ಲಿ ಮೇಲ್ಮುಖವಾಗಿ ಇಳಿದ. ಏರು ದಾರಿ ವೇಗವನ್ನು ಕಡಿಮೆ ಮಾಡಿತು, ಆದರೆ ಪೂರ್ತಿ ಅಲ್ಲ. ಎದುರಿಗೆ ಹಾರ ಹಾಕಿಕೊಂಡ ದೊರೆಯ ಕಾರು, ಟ್ರ್ಯಾಕ್ಟರು, ಪ್ರಸಾದಕ್ಕೆ ನಿಂತ ಜನ. ಪೈಲಟ್ ಪಕ್ಕದ ಕಬ್ಬಿನ ಗದ್ದೆಗೆ ತಿರುಗಿಸಿದ. ಕಬ್ಬು ಬಡಿದು ಬಡಿದು ವಿಮಾನ ನಿಂತಿತು. ಬಲಗಡೆಯ ರೆಕ್ಕೆಯ ತುದಿ ಕಿತ್ತುಹೋಗಿತ್ತು. ಫ್ಯಾನಿಗೆ ಸಿಕ್ಕಿದ ಕಬ್ಬಿನ ಹಾಲು ಇಬ್ಬರ ಮುಖಕ್ಕೂ ಎರಚಿತ್ತು.

ದೊರೆ ಅಂದೇ ಇಬ್ಬರನ್ನೂ ಎದುರಿಗೆ ನಿಲ್ಲಿಸಿದ. “ಇನ್ನು ಮೇಲೆ ಇದನ್ನ ಹಾರಿಸೋದೋ, ಬೇಡವೋ? ಇವತ್ತು ಎರಡರಲ್ಲಿ ಒಂದು ಆಗಿಬಿಡಬೇಕು” ಎಂದ.

“ಹಾರಿಸಬೇಕು ಮಹಾಸ್ವಾಮಿ. ರೆಕ್ಕೆ ಸರಿಮಾಡಿ ಆದಷ್ಟು ಬೇಗ ಹಾರಿಸಬೇಕು” ಎಂದವನು ಉಗ್ರಾಣಿ.

“ಬೇಡಿ ಮಹಾಸ್ವಾಮಿ. ಬೀಗ ಹಾಕ್ಸಿ. ಬೀಗದಕೈ ನನ್ನ ಕೈಗೆ ಸಿಗದಂಗೆ ಇಡಿ” ಎಂದವನು ಪೈಲಟ್.

ದೊರೆ ಜೋಯಿಸರ ಕಡೆ ನೋಡಿದ. ಇಬ್ಬರಿಗೂ ಗಾಳಿ ಮೆಟ್ಟಿದೆ ಎಂದು ಜೋಯಿಸರು ವಿಭೂತಿ ಕೈಗೆತ್ತಿಕೊಂಡರು.

“ಇವರು ಕೊನೆಯವರು ಮಹಾಸ್ವಾಮಿ” ಎಂದ ಪೈಲಟ್. ವಿಮಾನವನ್ನು ಅವನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು. “ನಾನು ಇಷ್ಟು ದಿನ ನನ್ನ ಆಸೆ ನೋಡಿದೆ. ಇವರ ವಯಸ್ಸು ನೋಡ್ಲಿಲ್ಲ. ರೆಕ್ಕೆ ಕಿರುಗುಟ್ಟಿದಾಗ ನನ್ನ ಜೀವ ಹೋಗಿ ಬಂತು.”

“ನಾನೂ ನನ್ನ ಭಯ ನೋಡಿದೆ ಮಹಾಸ್ವಾಮಿ” ಎಂದ ಉಗ್ರಾಣಿ. “ಇಷ್ಟು ವರ್ಷ ಒರೆಸಿದೆ, ಏನನ್ನ ಒರೆಸ್ತಿದ್ದೀನಿ ಅಂತಲೇ ಗೊತ್ತಿರಲಿಲ್ಲ ನನಗೆ. ಅವನಿಗೆ ಹಾರೋಕೆ ಬರುತ್ತೆ ಮಹಾಸ್ವಾಮಿ.” ‘ಅವರು’ ಎನ್ನುತ್ತಿದ್ದ ವಿಮಾನ ಉಗ್ರಾಣಿಯ ಬಾಯಲ್ಲಿ ಈಗ ‘ಅವನು’ ಆಗಿತ್ತು.

ಮತ್ತೆ ಜಗಳ ಶುರುವಾಯಿತು. ಹಾರದ ವಿಮಾನ ತಗಡು ಎಂದು ಉಗ್ರಾಣಿ ಕೂಗಿದ. ಬಿದ್ದರೆ ಗೋಣಿಚೀಲಕ್ಕೂ ಸಿಗುವುದಿಲ್ಲ ಎಂದು ಪೈಲಟ್ ಕೂಗಿದ. ಇಬ್ಬರೂ ಒಟ್ಟಿಗೆ ಕೂಗುತ್ತಿದ್ದುದರಿಂದ ಕೊನೆಗೆ ಮಾತಾಡಿದವರು ಯಾರೆಂದು ದೊರೆಗೆ ತಿಳಿಯಲಿಲ್ಲ. ಆದಕಾರಣ ಜೀವನದಲ್ಲಿ ಮೊದಲ ಸಲ ತಾನೇ ಯೋಚನೆ ಮಾಡಬೇಕಾಯಿತು. ಅದಕ್ಕೆ ಬಹಳ ಹೊತ್ತು ಹಿಡಿಯಿತು.

“ವರ್ಷಕ್ಕೆ ಒಂದು ನಿಂಬೆಹಣ್ಣು” ಎಂದ ದೊರೆ.

ಹಾಗೆಂದರೆ ವರ್ಷಕ್ಕೊಂದು ದಿನ ಹಾರಾಟ, ಉಳಿದ ದಿನ ಜೋಪಾನ. ಕೊಬ್ಬರಿ ಎಣ್ಣೆ ಬಂದ್. ಅಂದಿನಿಂದ ಪೈಲಟ್ ದಿನಾ ಬೆಳಿಗ್ಗೆ ಸ್ನಾನ ಮಾಡಿಬಂದು ರೆಕ್ಕೆಯ ಒಂದೊಂದೇ ಮೊಳೆಗೆ ಕಿವಿಯಿಟ್ಟು ಕೇಳುತ್ತಿದ್ದ. ಉಗ್ರಾಣಿ ದೊರೆಯ ಬಳಿ ಹೋಗಿ, ಯುಗಾದಿಗೂ ಒಂದು ನಿಂಬೆಹಣ್ಣು ಇಡಬಹುದಲ್ಲವೇ ಎಂದು ಕೇಳುತ್ತಿದ್ದ. ಒಬ್ಬರನ್ನೊಬ್ಬರು ಕಂಡರೆ ಈಗಲೂ ಆಗುತ್ತಿರಲಿಲ್ಲ. ಆದರೆ ಒಬ್ಬ ಬಾರದ ದಿನ ಇನ್ನೊಬ್ಬನಿಗೆ ಊಟ ಸೇರುತ್ತಿರಲಿಲ್ಲ.

ಇಷ್ಟು ಹೇಳಿ ಗುರುಗಳು ಕತೆ ನಿಲ್ಲಿಸಿದರು.

ಶಂಭುಲಿಂಗ ಮುಂದಕ್ಕೆ ಸರಿದು ಕುಳಿತ.

“ಆಮೇಲೆ ವಿಮಾನ ಏನಾಯ್ತು ಬುದ್ಧಿ? ಉಳೀತಾ, ಬಿದ್ದೋಯ್ತಾ?”

“ಅದು ಕತೆಯಲ್ಲಿಲ್ಲ.”

“ಆದ್ರೆ ಬುದ್ಧಿ, ಹಾರಿಸಿ ಗೊತ್ತಿದ್ದ ಪೈಲಟ್ಟೇ ಬೇಡ ಅಂದನಲ್ಲ. ಬೀಗ ಹಾಕಿ ಅಂದನಲ್ಲ.”

“ಅಂದ. ಹಾರಿ ಬಂದು ಅಂದ.”

ಶಂಭುಲಿಂಗ ತಲೆ ತಗ್ಗಿಸಿದ. “ಒಂದೇ ಒಂದು ಇರೋದು ಬಿದ್ದುಹೋದ್ರೆ ಇನ್ನೊಂದು ಎಲ್ಲಿಂದ ತರೋದು ಬುದ್ಧಿ?” ಎಂದ.

ಗುರುಗಳಿಗೆ ಅವನ ಮೇಲೆ ಕರುಣೆ ಬಂತು. ಕೈ ಚಾಚಿ ಅವನ ತಲೆ ಸವರಿದರು. “ತರೋಕಾಗಲ್ಲ ಮರಿ” ಎಂದರು. “ಅದಕ್ಕೇ ಅಷ್ಟೊಂದು ಜಗಳ ಆಡಿದರು. ಇಬ್ಬರದೂ ಪ್ರೀತಿಯೇ. ಉಗ್ರಾಣಿ ಮಾತಾಡಿದ, ಪೈಲಟ್ ಮಾತಾಡಿದ, ದೊರೆ, ಜೋಯಿಸರು ಎಲ್ಲಾ ಮಾತಾಡಿದರು. ನಿನಗೇನು ಬೇಕು ಅಂತ ವಿಮಾನವನ್ನ ಮಾತ್ರ ಒಬ್ಬರೂ ಕೇಳಲಿಲ್ಲ.”

“ವಿಮಾನಕ್ಕೆ ಬಾಯಿ ಎಲ್ಲಿದೆ ಬುದ್ಧಿ?”

“ನನಗಿದೆಯಲ್ಲ. ಹೋಗು, ಪೂಜೆ ಕೋಣೆಯಲ್ಲಿ ಹೂ ಏರಿಸಿ ಕೂರಿಸಿದ್ದೀಯಲ್ಲ ನನ್ನ ಪಾದುಕೆ, ಅದನ್ನ ತಗೊಂಡು ಬಾ. ಜೀಪಿನವರು ಕಾಯ್ತಿದ್ದಾರೆ. ನಾನು ಸತ್ತ ಮೇಲೆ ಪೂಜೆ ಮಾಡುವೆಯಂತೆ.”